ಊರಿನ ಮುಂದೆ ವರದಿ ಓದಿದ್ದು

ಪ್ರಶ್ನೆ ಕೇಳುವುದು ನನ್ನ ಕಸುಬು. ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಗೆ ಸಮೀಕ್ಷೆ ಮಾಡಿಕೊಡುತ್ತಿದ್ದೆ. ಮನೆಮನೆಗೆ ಹೋಗುವುದು, ನೀವು ಏನು ಕೆಲಸ ಮಾಡುತ್ತೀರಿ, ಮಕ್ಕಳು ಎಲ್ಲಿಯವರೆಗೆ ಓದಿದ್ದಾರೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಕಷ್ಟಕ್ಕೆ ಯಾರು ಆಗುತ್ತಾರೆ ಎಂದು ಕೇಳುವುದು, ಉತ್ತರವನ್ನು ಕೈಯಲ್ಲಿರುವ ಟ್ಯಾಬಿಗೆ ತುಂಬಿಕೊಂಡು ಬರುವುದು. ವರ್ಷದ ಕರಾರಿನ ಕೆಲಸ. ನಾನು ಸೇರಿದ ಹೊಸದರಲ್ಲಿ ನಮ್ಮ ಅತ್ತೆಗೆ ಇದು ನಂಬಿಕೆಯೇ ಆಗಲಿಲ್ಲ. "ಮಂದಿ ಮನಿ ಸುದ್ದಿ ಕೇಳಾಕ ಪಗಾರ ಕೊಡ್ತಾರೇನು? ನಮ್ಮ ಓಣ್ಯಾಗ ಎಲ್ಲಾರೂ ಪುಕ್ಕಟ್ಟಿ ಕೇಳ್ತಾರಲ್ಲ" ಎಂದಿದ್ದರು.

ನಮ್ಮ ಮನೆ ರಾಮತೀರ್ಥ ನಗರದಲ್ಲಿದೆ. ಗಂಡ ಮಚ್ಛೆಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅತ್ತೆಯ ತವರು ಖಾನಾಪುರದಾಚೆಯ ಮರಾಠಿ ಮಾತನಾಡುವ ಹಳ್ಳಿ. ನನ್ನ ತವರಿನಲ್ಲಿ ಕನ್ನಡ. ಹೀಗಾಗಿ ನಮ್ಮ ಮನೆಯಲ್ಲಿ ಅಡುಗೆಯ ಮಾತು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಎರಡೂ ಭಾಷೆ ಬರುತ್ತದೆಂದೇ ಸಂಸ್ಥೆಯವರು ನನ್ನನ್ನು ಖಾನಾಪುರ ತಾಲೂಕಿಗೆ ಹಾಕಿದ್ದು.

ಆ ವರ್ಷ ನನಗೆ ಬಂದದ್ದು ಬೀಡಿ ಎಂಬ ಊರಿನ ಸುತ್ತಲಿನ ಹಳ್ಳಿಗಳು. ಹೆಂಗಸರ ದುಡಿಮೆ, ಹುಡುಗಿಯರ ಓದು, ಕುಟುಂಬದೊಳಗಿನ ತೀರ್ಮಾನ ಇವು ಅಧ್ಯಯನದ ವಿಷಯ. ನಾನು ಹೇಳಹೊರಟಿರುವ ಊರಿನ ಹೆಸರು ಬರೆಯುವುದಿಲ್ಲ. ಹೆಸರು ಹಾಕಬೇಡಿ ಎಂದು ಅಲ್ಲಿಯ ಹೆಂಗಸರೇ ಹೇಳಿದ್ದಾರೆ, ಮತ್ತು ಅವರಿಗೆ ನಾನು ಕೊಟ್ಟ ಮಾತು ಯಾವುದೂ ಇದುವರೆಗೆ ತಪ್ಪಿಲ್ಲ.

ಆ ಊರಿನಲ್ಲಿ ಮೊದಲ ದಿನ ನಾನು ಹತ್ತಿದ ಕಟ್ಟೆ ಒಬ್ಬ ವಿಧವೆಯದು. ನಡುವಯಸ್ಸಿನಾಕೆ. ಎರಡು ಎಮ್ಮೆ ಕಟ್ಟಿದ್ದಳು, ಮಾವನ ಹೆಸರಿನಲ್ಲಿದ್ದ ಗದ್ದೆಯನ್ನು ತಾನೇ ಮಾಡಿಸುತ್ತಿದ್ದಳು, ಕಬ್ಬಿನ ಕಳೆ ತೆಗೆಯುವ ದಿನಗಳಲ್ಲಿ ಕೂಲಿಗೂ ಹೋಗುತ್ತಿದ್ದಳು. ನಾನು ಹೋದಾಗ ಕೊಟ್ಟಿಗೆಯ ಸಗಣಿ ಬಳಿಯುತ್ತಿದ್ದಾಕೆ ಕೈ ತೊಳೆದುಕೊಂಡು ಬಂದು, "ಬರ್ರಿ ಬಾಯಾರ, ಕುಂದರ್ರಿ" ಎಂದು ಚಾಪೆ ಹಾಸಿದಳು. ಹತ್ತನೆಯ ತರಗತಿ ಮುಗಿಸಿ ಮನೆಯಲ್ಲೇ ಕುಳಿತಿದ್ದ ಮಗಳು ಬಾಗಿಲಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನಾನು ಟ್ಯಾಬ್ ತೆಗೆದದ್ದೇ ತಡ, ತಾಯಿಯ ಮುಖ ಬದಲಾಯಿತು.

"ನಾ ಹೇಳಾಂಗಿಲ್ರಿ" ಎಂದಳು.

"ಯಾಕ್ರಿ ಅಕ್ಕಾರ?"

"ಹಿಂದಕ್ಕ ಒಬ್ಬಾಕಿ ನಿಮ್ಮಂಗ ಬಂದಿದ್ಲು. ನನ್ನ ಗಂಡ ಹೆಂಗ ಸತ್ತ ಅಂತ ಕೇಳಿದ್ಲು. ನಾ ಎಲ್ಲಾ ಹೇಳ್ದೆ. ಹೇಳ್ತಾ ಹೇಳ್ತಾ ಅತ್ತಬಿಟ್ಟೆ. ಆಕಿ ಬರಕೊಂಡು ಎದ್ದು ಹೋದ್ಲು. ಏನ ಬರದ್ಲು, ಎಲ್ಲಿ ಒಯ್ದ್ಲು, ಯಾರು ಓದಿದ್ರು? ನನ್ನ ಅಳು ಎಲ್ಲಿ ಹೋತು ಅಂತ ನನಗ ಗೊತ್ತಾಗಬ್ಯಾಡೇನು?"

ಇದಕ್ಕೆ ನನ್ನ ತರಬೇತಿಯಲ್ಲಿ ಒಂದು ಉತ್ತರ ಕಲಿಸಿದ್ದರು. ನಿಮ್ಮ ಮಾಹಿತಿ ಗುಪ್ತವಾಗಿರುತ್ತದೆ, ಸರಕಾರದ ಯೋಜನೆಗಳಿಗೆ ಸಹಾಯವಾಗುತ್ತದೆ ಎನ್ನಬೇಕು. ನಾನು ಅದನ್ನು ಹೇಳಿದೆ. ಆಕೆ ನಕ್ಕಳು. ಸಿಟ್ಟಿನ ನಗೆಯಲ್ಲ, ಮಕ್ಕಳು ಬಾಯಿಪಾಠ ಒಪ್ಪಿಸಿದಾಗ ದೊಡ್ಡವರು ನಗುವಂಥದ್ದು.

"ಬರದದ್ದನ್ನ ತಿರುಗಿ ತಂದು ನಮ್ಮ ಮುಂದ ಓದ್ತೀನಿ ಅನ್ರಿ. ಹೇಳ್ತೀನಿ. ಇಲ್ಲಂದ್ರ ಚಾ ಕುಡದು ಹೋಗ್ರಿ."

ನಾನು ಮಾತು ಕೊಟ್ಟೆ. ಕೊಡುವ ಅಧಿಕಾರ ನನಗಿತ್ತೋ ಇಲ್ಲವೋ ಎಂದು ಆಗ ಯೋಚಿಸಲಿಲ್ಲ. ಈಗ ಯೋಚಿಸಿದರೂ ಕೊಟ್ಟದ್ದು ಸರಿಯೆಂದೇ ಅನ್ನುತ್ತೇನೆ. ಸುದ್ದಿ ನನಗಿಂತ ಮೊದಲೇ ಓಣಿ ಸುತ್ತಿತು. ಮುಂದಿನ ಮನೆಯಾಕೆ ನಾನು ಕಟ್ಟೆ ಹತ್ತುವ ಮೊದಲೇ, "ನಮಗೂ ಓದಿ ಹೇಳ್ತೀರಲ್ರಿ?" ಎಂದು ಕೇಳಿದಳು. ಆಮೇಲೆ ಎಲ್ಲರೂ ಅದನ್ನೇ ಕೇಳಿದರು. ಅವರು ಬಾಯಿಬಿಟ್ಟು ಹೇಳಿದಷ್ಟು ನನಗೆ ಬೇರೆ ಯಾವ ಊರಿನಲ್ಲೂ ಯಾರೂ ಹೇಳಿದ್ದಿಲ್ಲ. ಗಂಡ ಬಡಿಯುವುದನ್ನು ಹೇಳಿದರು. ಮೈನೆರೆದ ಮೇಲೆ ಮಗಳನ್ನು ಕಾಲೇಜಿಗೆ ಕಳಿಸಲು ಮನೆಯಲ್ಲಿ ಗಂಡಸರು ಒಪ್ಪಲಿಲ್ಲವೆಂದು ಹೇಳಿದರು.

ಟ್ಯಾಬಿನಲ್ಲಿ ಒಂದು ತೊಂದರೆಯಿತ್ತು. ‘ಮುಖ್ಯ ಕಸುಬು’ ಎಂಬ ಪ್ರಶ್ನೆಗೆ ಕೊಟ್ಟಿದ್ದ ಉತ್ತರಗಳಲ್ಲೇ ಒಂದನ್ನು ಒತ್ತಬೇಕು, ಒತ್ತದಿದ್ದರೆ ಮುಂದಿನ ಪ್ರಶ್ನೆ ತೆರೆಯುವುದಿಲ್ಲ. ಜಮೀನು ಸ್ವಂತ ಹೆಸರಿನಲ್ಲಿದ್ದರೆ ಮಾತ್ರ ರೈತ. ವರ್ಷದ ಬಹುಕಾಲ ಕೂಲಿಗೆ ಹೋದರೆ ಮಾತ್ರ ಕೂಲಿಕಾರ. ಉಳಿದವರೆಲ್ಲ ಗೃಹಿಣಿ. ಎಮ್ಮೆ ಕಟ್ಟಿ, ಗದ್ದೆ ಮಾಡಿಸಿ, ಕಳೆಗೂ ಹೋಗುತ್ತಿದ್ದ ಆ ವಿಧವೆ ಗೃಹಿಣಿ. ಇದು ಸರಿಯಲ್ಲವೆಂದು ತರಬೇತಿಯ ದಿನವೇ ನಾನು ಎದ್ದು ಹೇಳಿದ್ದೆ. ಬೇರೆ ರಾಜ್ಯಗಳ ಅಂಕಿಗಳೊಂದಿಗೆ ಹೋಲಿಸಬೇಕು, ಪ್ರಶ್ನೆ ಬದಲಿಸಲು ಬರುವುದಿಲ್ಲ ಎಂದು ನನ್ನನ್ನು ಕೂರಿಸಿದ್ದರು.

ಮಳೆಗಾಲ ಕಳೆದ ಮೇಲೆ ವರದಿ ಬಂತು. ಇಂಗ್ಲಿಷಿನಲ್ಲಿ, ನುಣುಪು ಕಾಗದದಲ್ಲಿ, ಮುಖಪುಟಕ್ಕೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸಿನ ಚಿತ್ರ. ಬೆಳಗಾವಿಯ ಹೋಟೆಲೊಂದರ ಸಭಾಂಗಣದಲ್ಲಿ ಬಿಡುಗಡೆಯಾಯಿತು. ಒಳಗೆ ತೆರೆದು ನೋಡಿದರೆ ಆ ಭಾಗದ ಬಹುಪಾಲು ಹೆಂಗಸರು ದುಡಿಮೆಯಲ್ಲಿ ಇಲ್ಲ ಎಂದಿತ್ತು. ಹೊರೆ ಹೊತ್ತವಳು ಮುಖಪುಟದಲ್ಲಿ, ದುಡಿಯದವಳು ಒಳಪುಟದಲ್ಲಿ. ಇದನ್ನು ಯಾರೂ ಗಮನಿಸಲಿಲ್ಲ, ಊಟ ಚೆನ್ನಾಗಿತ್ತು.

ಮರುದಿನ ಸಂಸ್ಥೆಯ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ನನ್ನ ಮಗಳಿಗೆ ಡೆಂಗಿ ಆದಾಗ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ಆ ದಿನ ನನ್ನ ಮಾತು ಅವರ ಕಿವಿಗೆ ಇಳಿಯಲಿಲ್ಲ.

"ಸರ್, ಆ ಊರಿಗೆ ಹೋಗಿ ಇದನ್ನ ಓದಬೇಕ್ರಿ. ನಾ ಮಾತು ಕೊಟ್ಟೀನಿ. ಆವಾಗ ನಿಮಗೂ ಹೇಳಿದ್ನಿ, ನೋಡೂಣು ಅಂದಿದ್ರಿ."

"ಅದು ನಮ್ಮ ಕೆಲಸ ಅಲ್ಲ ಬಾಯಿ. ದುಡ್ಡು ಕೊಟ್ಟವ್ರು ಬ್ಯಾರೇದವ್ರು ಅದಾರ. ಅವರನ್ನ ಕೇಳ್ದ ಎಲ್ಲೂ ಓದಾಂಗಿಲ್ಲ. ಮತ್ತ ಆ ಮಂದಿಗೆ ಇದೇನ ತಿಳೀತೈತಿ?"

"ಹೇಳಿದವ್ರ ಅವರ ಅದಾರ್ರೀ. ತಿಳೀಲಾರದ್ದು ಏನೈತಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾತು ಮುಗಿಯಿತೆಂಬುದಕ್ಕೆ ಅದು ಅವರ ಸನ್ನೆ. ನನ್ನ ಮಾತು ಮುಗಿದಿರಲಿಲ್ಲ, ಆದರೆ ಅದನ್ನು ಆಡಬೇಕಾದ ಜಾಗ ಆ ಕೋಣೆಯಲ್ಲ ಎಂದು ಎದ್ದು ಬಂದೆ.

ಬಿಡುವಿದ್ದಾಗಲೆಲ್ಲ ಮನೆಯಲ್ಲಿ ಕುಳಿತು ವರದಿಯನ್ನು ಕನ್ನಡಕ್ಕೆ ತರತೊಡಗಿದೆ. ಆ ಊರಿನಲ್ಲಿ ಮರಾಠಿ ಮನೆಗಳೂ ಇದ್ದವು. ಹಾಗಾಗಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೆ ಓದಿ ಹೇಳಿ ಮರಾಠಿ ಮಾಡಿಕೊಂಡೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಾ ಒಂದೊಂದು ಮಾತನ್ನೂ ತಮ್ಮ ಊರಿನ ಮರಾಠಿಗೆ ತಿರುಗಿಸಿ ಕೊಡುತ್ತಿದ್ದರು. ದುಡಿಮೆಯ ಸಾಲಿಗೆ ಬಂದಾಗ ಅವರ ಕೈ ನಿಂತಿತು.

"ಕೆಲಸ ಮಾಡಾಂಗಿಲ್ಲ ಅಂತ ಬರದಾರೇನು?"

"ಹೌದ್ರಿ ಅತ್ತಿ."

"ಇದರಾಗ ನಾನೂ ಬರ್ತೇನೇನು?"

"ಈ ಲೆಕ್ಕದಾಗ ಬರ್ತೀರಿ."

ಅವರು ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಮದುವೆಯಾಗಿ ಬಂದಂದಿನಿಂದ ನಮ್ಮ ಮಾವನ ಹಿಟ್ಟಿನ ಗಿರಣಿ ನಡೆಸಿದವರು ಅವರು. ಬೆಲ್ಟ್ ಹಾಕುತ್ತಿದ್ದವರು, ಸವೆದ ಬೀಸುಕಲ್ಲು ಕುಟ್ಟಿಸುತ್ತಿದ್ದವರು, ಹಿಟ್ಟಿನ ದೂಳು ನುಂಗಿ ಇಂದಿಗೂ ಕೆಮ್ಮುವವರು. ಗಿರಣಿಯ ಲೈಸೆನ್ಸು ಮಾವನ ಹೆಸರಿನಲ್ಲಿತ್ತು. "ನೀ ಹೋಗಿ ಓದು" ಎಂದರು. "ನೌಕರಿ ಹೋದ್ರ ಹೋಗ್ಲಿ."

ಗಂಡ ಅಷ್ಟು ಸುಲಭವಾಗಿ ಒಪ್ಪಲಿಲ್ಲ. "ಹಟಾ ಮಾಡಬ್ಯಾಡ. ಸಾಹೇಬ್ರು ಬ್ಯಾಡ ಅಂದ ಮ್ಯಾಲ ಬ್ಯಾಡ. ಒಂದು ವರದಿ ಓದೂದ್ರಿಂದ ಏನ ಆಗತೈತಿ?" ಎಂದರು. ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ಆದರೂ ಹೋಗುತ್ತೇನೆಂದೆ. ಹೊರಡುವ ದಿನ ಅವರು ತಾವೇ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು, ಮುಖ ಸಿಂಡರಿಸಿಕೊಂಡೇ ತಿರುಗಿ ಹೋದರು.

ಅಂದು ಭಾನುವಾರ. ಬರುತ್ತೇನೆಂದು ಆ ವಿಧವೆಗೆ ಮೊದಲೇ ಫೋನಿನಲ್ಲಿ ತಿಳಿಸಿದ್ದೆ. ಖಾನಾಪುರದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಸಮುದಾಯ ಭವನ ತುಂಬಿತ್ತು. ಹೆಂಗಸರು ನೆಲಕ್ಕೆ ಹಾಸಿದ ಟಾರ್ಪಾಲಿನ್ ತಾಡಪತ್ರೆಯ ಮೇಲೆ ಕುಳಿತಿದ್ದರು. ಕರೆಯದಿದ್ದರೂ ಗಂಡಸರು ಬಂದು ಗೋಡೆಯ ಬದಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಮುಂದಿನ ಕುರ್ಚಿಯಲ್ಲಿ ಪಂಚಾಯಿತಿಯ ಸದಸ್ಯ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ಸಮೀಕ್ಷೆಯ ದಿನಗಳಲ್ಲಿ ನನಗೆ ಕುಡಿಯುವ ನೀರು, ಕುಳಿತುಕೊಳ್ಳಲು ಜಾಗ ಎಲ್ಲ ನೋಡಿಕೊಂಡ ಮನುಷ್ಯ.

ನಾನು ನಿಂತುಕೊಂಡು ಓದಿದೆ, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ನೀರು, ದವಾಖಾನೆ, ರೇಷನ್ನಿನ ಭಾಗ ಮುಗಿಯುವವರೆಗೆ ಎಲ್ಲರೂ ತಲೆಯಾಡಿಸಿದರು. ಹೆಂಗಸರು ದುಡಿಮೆಯಲ್ಲಿಲ್ಲ ಎಂಬ ಸಾಲು ಓದಿದಾಗ ತಾಡಪತ್ರೆಯ ಮೇಲೆ ಗುಜುಗುಜು ಎದ್ದಿತು. ಒಬ್ಬಳು ಜೋರಾಗಿಯೇ, "ಹಂಗಾರ ನಾಳಿಂದ ಖರೇನ ಮಾಡೂದ ಬ್ಯಾಡ್ರೆವಾ" ಎಂದಳು. ನಗೆ ಹಬ್ಬಿತು. ಆ ನಗೆಯಲ್ಲಿ ಗಂಡಸರೂ ಸೇರಿದರು. ಈ ಸಾಲು ತಪ್ಪು, ಯಾಕೆ ತಪ್ಪು ಎಂದು ನೀವೇ ಹೇಳಿ, ಬರೆದುಕೊಂಡು ಹೋಗಿ ಸಂಸ್ಥೆಗೆ ಕೊಡುತ್ತೇನೆ ಎಂದೆ. ಒಬ್ಬೊಬ್ಬರೇ ಹೇಳಿದರು.

ಆಮೇಲೆ ಹುಡುಗಿಯರ ಓದಿನ ಭಾಗ. ‘ಹತ್ತನೆಯ ತರಗತಿಯ ನಂತರ ಹುಡುಗಿಯರ ಶಿಕ್ಷಣ ನಿಲ್ಲಲು ಮನೆಯ ಗಂಡಸರ ನಿರ್ಧಾರವೇ ಮುಖ್ಯ ಕಾರಣ’ ಎಂದು ಓದಿದೆ. ಗೋಡೆಯ ಬದಿಯ ನಗೆ ನಿಂತಿತು. ಸದಸ್ಯ ಎದ್ದ.

"ಬಾಯಾರ, ಇದು ಬರೋಬ್ಬರಿ ಅಲ್ಲ. ಊರ ಮರ್ಯಾದಿ ಪ್ರಶ್ನೆ ಐತಿ. ಆ ಸಾಲು ತಗೀರಿ. ದುಡಿಮಿ ಸಾಲು ತಪ್ಪು ಅಂತ ತಿದ್ದಾಕ ಒಪ್ಪಿದ್ರಲ್ಲ, ಇದನ್ನೂ ತಿದ್ರಿ."

"ಅದು ತಪ್ಪಿತ್ರಿ, ತಿದ್ದಾಕ ಒಪ್ಪಿದ್ನಿ. ಇದು ಈ ಊರಿನ ಹೆಣ್ಣಮಕ್ಕಳು ತಮ್ಮ ಬಾಯಿಲೆ ಹೇಳಿದ್ದು. ತಗ್ಯಾಂಗಿಲ್ಲ."

"ಯಾರು ಹೇಳಿದ್ರು? ಹೆಸರು ಹೇಳ್ರಿ."

"ಹೇಳಾಂಗಿಲ್ರಿ."

ಮುಖ್ಯಸ್ಥರ ಮಾತು ಮೀರಿ ಬಂದಿದ್ದೆ. ಈಗ ಬಂದ ಊರಿನವರ ಮಾತನ್ನೂ ಮೀರುತ್ತಿದ್ದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಕೈಯಲ್ಲಿದ್ದ ಹಾಳೆಗಳನ್ನು ಮಡಚಲಿಲ್ಲ. ಹೆಂಗಸರ ನಡುವಿನಿಂದ ಸದಸ್ಯನ ಹೆಂಡತಿಯೇ ಕುಳಿತಲ್ಲಿಂದ ತಲೆ ಎತ್ತದೆ ಹೇಳಿದಳು, "ಅದು ಖರೇನ ಐತಿ. ಇರ್ಲಿ ಬಿಡ್ರಿ."

ಆಗ ಎಮ್ಮೆ ಕಟ್ಟಿದ ಆ ವಿಧವೆ ಎದ್ದು ನಿಂತಳು.

"ಬಾಯಾರ, ಪೂರಾ ಖರೇ ಅಲ್ಲ ಅದು" ಎಂದಳು. "ನನ್ನ ಮನ್ಯಾಗ ಗಂಡಸ್ರ ಇಲ್ಲ. ನನ್ನ ಮಗಳ ಓದ ಬಿಡ್ಸಿದಾಕಿ ನಾನ. ಆಕಿ ಅತ್ತಿದ್ದು ನನ್ನ ಮುಂದನ."

ಗೋಡೆಯ ಬದಿಯಲ್ಲಿ ಉಸಿರು ಬಂದಂತಾಯಿತು. "ನೋಡ್ರಿ ಮತ್ತ" ಎಂದ ಸದಸ್ಯ. "ಹೆಂಗಸ್ರ ಬಿಡಸ್ತಾರ, ಹೆಸರ ನಮಗ."

"ಕುಂದರ್ರಿ ಅಣ್ಣಾರ, ನನ್ನ ಮಾತ ಮುಗದಿಲ್ಲ" ಎಂದಳು ಆಕೆ. "ಯಾಕ ಬಿಡ್ಸಿದೆ ಅಂತ ಯಾರೂ ಕೇಳಲಿಲ್ಲ. ಈ ಬಾಯಾರೂ ಕೇಳಲಿಲ್ಲ, ಅವರ ಆ ಫೋನಿನ್ಯಾಗ ಆ ಪ್ರಶ್ನಿ ಇದ್ದಿಲ್ಲ. ಈಗ ಹೇಳ್ತೀನಿ. ಸಂಜಿಮುಂದ ಖಾನಾಪುರದ ಬಸ್ ಬಂದು ನಿಂತ್ರ, ಆ ಕಟ್ಟಿ ಮ್ಯಾಲ ಬೈಕ ಹಚ್ಚಿಕೊಂಡು ಕುಂತಿರತಾರಲ್ಲ, ಇಳಿಯೂ ಹುಡುಗ್ಯಾರ ಹಿಂದ ಓಣಿತನಕ ಬರತಾರಲ್ಲ, ಫೋಟೋ ಹೊಡಕೊತಾರಲ್ಲ, ಅವರು ಯಾರ ಮಕ್ಕಳು? ಎಲ್ಲಿಂದ ಬಂದಾರ? ಈ ಕುರ್ಚಿ ಮ್ಯಾಲ ಕುಂತವರ ಮಕ್ಕಳಲ್ಲೇನು?"

ಮಗಳು ಕಂಬಕ್ಕೆ ಒರಗಿ ನಿಂತು ತಾಯಿಯನ್ನು ನೋಡುತ್ತಿದ್ದಳು. ತನ್ನ ಓದು ಯಾಕೆ ನಿಂತಿತೆಂದು ಅವಳಿಗೂ ತಾಯಿ ಬಾಯಿಬಿಟ್ಟು ಹೇಳಿರಲಿಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಸದಸ್ಯ ಮೊಬೈಲು ಕಿವಿಗೆ ಹಿಡಿದು ಹೊರಗೆ ಹೋದ. ಅದು ರಿಂಗಾದದ್ದನ್ನು ನಾನು ಕೇಳಲಿಲ್ಲ. ಅವನ ಹಿಂದೆ ಇನ್ನೂ ಕೆಲವರು ಎದ್ದರು. ಗಂಡಸರಲ್ಲಿ ಒಬ್ಬ ಮುದುಕ ಮಾತ್ರ ಉಳಿದು, "ಪೂರಾ ಓದ್ರಿ ಬಾಯಿ, ಇನ್ನ ಎಷ್ಟೈತಿ?" ಎಂದ. ಪೂರಾ ಓದಿದೆ.

ಬೆಳಗಾವಿಗೆ ನಾನು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮರುದಿನ ಮುಖ್ಯಸ್ಥರು ಕರೆಸಿದರು.

"ಯಾರ ಪರವಾನಗಿ ತಗೊಂಡು ಓದಿದ್ರಿ?"

"ಅವರ ಮಾತನ್ನ ಅವರಿಗೆ ಓದಾಕ ಪರವಾನಗಿ ಯಾಕ ಬೇಕ್ರಿ ಸರ್?"

ಕ್ಷಮಾಪಣೆ ಬರೆದುಕೊಡಿ, ಇಲ್ಲಿಗೇ ಮುಗಿಸೋಣ ಎಂದರು. ನಾನು ಬರೆದುಕೊಟ್ಟದ್ದು ಬೇರೆ. ಹೆಂಗಸರು ದುಡಿಮೆಯ ಬಗ್ಗೆ ಹೇಳಿದ್ದೆಲ್ಲ, ಮತ್ತು ಬಸ್ಸಿನ ಕಟ್ಟೆಯ ಸಂಗತಿ. ಇದನ್ನು ವರದಿಗೆ ಸೇರಿಸಬೇಕೆಂದು ಕೆಳಗೆ ಸಹಿ ಹಾಕಿದೆ. ಅವರು ಅದನ್ನು ಓದಿದರು, ಎರಡು ಸಲ ಓದಿದರು ಎಂದೂ ಹೇಳಬಲ್ಲೆ, ಏಕೆಂದರೆ ನಾನು ಎದುರಿಗೇ ನಿಂತಿದ್ದೆ. ಆದರೂ ವರದಿ ತಿದ್ದಲಾಗಲಿಲ್ಲ. ಅಚ್ಚಾಗಿದೆ ಎಂಬುದು ಕಾರಣ. ಆ ವರ್ಷದ ಕೊನೆಗೆ ನನ್ನ ಕರಾರು ಮುಂದುವರಿಯಲಿಲ್ಲ. ಅದಕ್ಕೆ ಯಾರೂ ಕಾರಣ ಕೊಡಲಿಲ್ಲ.

ಮನೆಯಲ್ಲಿ ಗಂಡ, "ನಾ ಹೇಳಿದ್ನಿಲ್ಲೋ?" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಒಂದು ಸಂಜೆ ಮಚ್ಛೆಯಿಂದ ಬಂದವರು, ತಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಹೆಂಗಸರಿಗೆ ಹೆರಿಗೆ ರಜೆಯ ನಿಯಮ ಓದಿ ಹೇಳಲು ಬರುತ್ತೀಯಾ ಎಂದು ಕೇಳಿದರು. "ಮಾಲಕ ಸಿಟ್ಟಿಗೇಳ್ತಾನ" ಎಂದೂ ತಾವೇ ಸೇರಿಸಿದರು. ನಾನು ಹೋದೆ. ಮಾಲೀಕ ಸಿಟ್ಟಿಗೆದ್ದ. ಅದು ಬೇರೆ ಕತೆ.

ಆ ಊರಿನಲ್ಲಿ ಏನಾಯಿತೆಂಬುದು ಫೋನಿನಲ್ಲಿ ತಿಳಿಯುತ್ತಿತ್ತು. ಹೆಂಗಸರು ಸರದಿ ಹಚ್ಚಿಕೊಂಡು ಸಂಜೆಯ ಬಸ್ಸಿನ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳತೊಡಗಿದರಂತೆ. ಕೈಯಲ್ಲಿ ಕೋಲಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಅಕ್ಕಿ ಆರಿಸುವುದೋ ಹಾಲಿನ ಕ್ಯಾನು ಇಟ್ಟುಕೊಂಡು ಹರಟೆ ಹೊಡೆಯುವುದೋ ಮಾಡುತ್ತ ಕೂರುವುದು. ತಾಯಂದಿರು ಕುಳಿತ ಕಟ್ಟೆಯ ಬಳಿ ಮಕ್ಕಳಿಗೆ ಬೈಕು ನಿಲ್ಲಿಸಲು ಆಗಲಿಲ್ಲ. ಕೆಲವರು ಕಟ್ಟೆ ಬಿಟ್ಟು ರಸ್ತೆಯ ತಿರುವಿಗೆ ಹೋದರು. ಹೆಂಗಸರು ತಿರುವಿಗೂ ಹೋಗಿ ಕುಳಿತರು. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಒಂದಿಬ್ಬರು ಹುಡುಗಿಯರ ಮದುವೆ ಅಷ್ಟರಲ್ಲೇ ಆಗಿಹೋಗಿತ್ತು. ಆದರೆ ಆ ವಿಧವೆಯ ಮಗಳು ಮುಂದಿನ ಜೂನಿನಲ್ಲಿ ಖಾನಾಪುರದಲ್ಲಿ ಕಾಮರ್ಸಿಗೆ ಸೇರಿದಳು. ಅವಳ ಜೊತೆ ಸದಸ್ಯನ ಮಗಳೂ ಸೇರಿದಳು. ಈ ಎರಡನೆಯದನ್ನು ನನಗೆ ತಿಳಿಸಿದ್ದು ಸದಸ್ಯನ ಹೆಂಡತಿ.

ಹೊಸ ಕೆಲಸಕ್ಕೆ ಸಂದರ್ಶನಕ್ಕೆ ಹೋದಲ್ಲೆಲ್ಲ ನಾನು ಮೊದಲೇ ಹೇಳಿಬಿಡುತ್ತಿದ್ದೆ, ಬರೆದದ್ದನ್ನು ಊರಿನವರ ಮುಂದೆ ಓದುತ್ತೇನೆ, ಒಪ್ಪಿದರೆ ತೆಗೆದುಕೊಳ್ಳಿ ಎಂದು. ಒಂದು ಕಡೆ ಚಹಾ ಕೊಟ್ಟು ಕಳಿಸಿದರು. ಇನ್ನೊಂದು ಕಡೆ ಒಬ್ಬ ತರುಣಿ ಅಧಿಕಾರಿ, "ಅವರು ಒಪ್ಪಲಿಲ್ಲ ಅಂದ್ರ ಏನ ಮಾಡ್ತೀರಿ?" ಎಂದು ಕೇಳಿದಳು. "ಜಗಳಾಡ್ತೀವ್ರಿ. ಯಾರದು ಖರೇ ಐತೋ ಅದು ಉಳೀತೈತಿ" ಎಂದೆ. ಅಲ್ಲಿ ತೆಗೆದುಕೊಂಡರು. ಈಗಲೂ ಅಲ್ಲೇ ಇದ್ದೇನೆ.

ಕಳೆದ ಚಳಿಗಾಲದಲ್ಲಿ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಆ ಸದಸ್ಯ ಎದುರಾದ. ಅದೇ ಬಿಳಿ ಅಂಗಿ. ನನ್ನನ್ನು ನೋಡಿ ದಾಟಿಹೋಗಬಹುದಿತ್ತು, ಹೋಗಲಿಲ್ಲ.

"ಬಾಯಾರ, ನೀವು ಬಂದು ನಮ್ಮೂರ ಹೆಂಗಸ್ರನ್ನ ಕೆಡಿಸಿ ಹೋದ್ರಿ" ಎಂದ. "ಈಗ ಗ್ರಾಮಸಭಾದಾಗ ನನ್ನ ಮಾತು ಮುಗಿಯೂದ್ರಾಗ ನಾಕು ಮಂದಿ ಎದ್ದು ನಿಂದರ್ತಾರ. ನನ್ನ ಹೆಂಡ್ತೀನೂ ನಿಂದರ್ತಾಳ."

"ಛಲೋ ಆತಲ್ರಿ" ಎಂದೆ.

"ಏನ ಛಲೋ? ಆ ಸಾಲು ಇನ್ನೂ ಐತೇನು ನಿಮ್ಮ ಪುಸ್ತಕದಾಗ?"

"ಐತ್ರಿ. ಪುಸ್ತಕಾ ಬಿಟ್ಟು ಬಂದ್ರೂ ನನ್ನ ಬಾಯಾಗ ಐತಿ. ಎಲ್ಲಿ ಕೇಳಿದ್ರೂ ಹೇಳ್ತೀನಿ."

ಅವನು ಕ್ಯಾಂಟೀನಿನ ಕಡೆ ನೋಡಿ, "ಚಾ ಕುಡೀರಿ ಬರ್ರಿ, ನಿಮ್ಮ ಬಸ್ಸಿಗೆ ಇನ್ನ ಹೊತ್ತೈತಿ" ಎಂದ. ಹೋಗಿ ಎದುರುಬದುರು ಕುಳಿತು ಚಹಾ ಕುಡಿದೆವು. ಮಗಳಿಗೆ ಲೆಕ್ಕಶಾಸ್ತ್ರ ಕಠಿಣವಾಗುತ್ತಿದೆ, ಬೆಳಗಾವಿಯಲ್ಲಿ ಒಳ್ಳೆಯ ಟ್ಯೂಷನ್ ಎಲ್ಲಿದೆ ಎಂದು ಕೇಳಿದ. ನನಗೆ ಗೊತ್ತಿದ್ದ ಒಂದೆರಡನ್ನು ಹೇಳಿದೆ. ವರದಿಯ ಮಾತನ್ನು ಅವನೂ ಮತ್ತೆ ತೆಗೆಯಲಿಲ್ಲ, ನಾನೂ ಒಂದು ಅಕ್ಷರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.